ಮಾವನ ಒಂದೇ ಪ್ರಶ್ನೆ

ನಮ್ಮ ಸೋದರಮಾವನಷ್ಟು ಸರಳ ಮನುಷ್ಯರು ಇಡೀ ರಾಯಚೂರಿನಲ್ಲಿ ಸಿಗಲಿಕ್ಕಿಲ್ಲ. ಅದಕ್ಕೇ ಇರಬೇಕು, ‘ಸಂಕೀರ್ಣತೆ ಎಂದರೇನು’ ಎಂಬ ಒಂದೇ ಪ್ರಶ್ನೆ ಹಿಡಿದು ಎಲ್ಲರ ತಲೆ ತಿನ್ನುತ್ತಾರೆ! ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಜೀವಿಗೂ ಸಂಸ್ಥೆಗೂ ಹೊಂದುವ ಒಂದೇ ವ್ಯಾಖ್ಯೆ ಬೇಕಂತೆ. ಮಾನ್ವಿ ಬಸ್ಸಿನಲ್ಲಿ ಕಂಡಕ್ಟರನನ್ನೂ ಬಿಡಲಿಲ್ಲ.

“ನಿಮ್ಮ ಡಿಪೋ ಹೆಚ್ಚು ಸಂಕೀರ್ಣವೋ, ಇರುವಿ ಹೆಚ್ಚೋ?”

“ಯಜಮಾನ್ರ, ಇರುವಿಗೆ ಟಿಕೆಟ್ ಇಲ್ಲ. ನೀವು ತಗೋರಿ!”

ಭಾಗಗಳು ಹೆಚ್ಚಿದ್ದರೆ ಸಂಕೀರ್ಣ ಎಂದರು ಒಮ್ಮೆ. ಹಾಗಾದರೆ ಜೋಳದ ರಾಶಿಯೂ ಸಂಕೀರ್ಣವೇ ಎಂದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಆಮೇಲೆ, ಒಂದು ಭಾಗ ತೆಗೆದರೆ ಎಲ್ಲವೂ ನಿಲ್ಲಬೇಕು, ಅದೇ ಸಂಕೀರ್ಣತೆ ಎಂದು ಮಿಕ್ಸರಿನ ಸ್ಕ್ರೂ ಬಿಚ್ಚಿದರು. ಮಿಕ್ಸರ್ ನಿಂತಿತು. ಆದರೆ ಓಣಿಯ ಬಾಲವಿಲ್ಲದ ಬೆಕ್ಕು ಎದುರಿಗೇ ಜಿಗಿದು ಹೋಯಿತಲ್ಲ! ಬೆಕ್ಕಿಗಿಂತ ಮಿಕ್ಸರ್ ಹೆಚ್ಚು ಸಂಕೀರ್ಣವೇ? ಮಾವ ಸ್ಕ್ರೂವನ್ನು ಮತ್ತೆ ಕೂರಿಸಿದರು.

ಅಷ್ಟರಲ್ಲಿ ಅತ್ತೆಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟಿತು, ಆಸ್ಪತ್ರೆಯಿಂದ ಮನೆಗೂ ಬಂದರು. ಆದರೆ ಊಟ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವರು ಮಲಗಿದಂತೆಯೇ. ರಕ್ತ, ಯಕೃತ್ತು, ಹೃದಯ ಎಲ್ಲವೂ ಸರಿ ಎಂದರು ಡಾಕ್ಟರು.

“ಎಲ್ಲಾ ಸರಿ ಇದ್ರ ಯಾಕ ಉಣ್ಣವಲ್ಲಳು?” ಎಂದು ಮಾವ ನನ್ನನ್ನು ಕೇಳಿದರು. ಅವರ ದನಿ ಕೇಳಿ ನನಗೂ ಭಯವಾಯಿತು.

ಪಕ್ಕದ ಮನೆಯವರ ಮಗಳ ಮದುವೆ ದೇವದುರ್ಗದಲ್ಲಿತ್ತು. ಮದುವೆಯ ರೊಟ್ಟಿ ಬಡಿಯಲು ಓಣಿಯ ಹೆಂಗಸರು ಮಾವನ ಅಂಗಳದಲ್ಲಿ ಸೇರಿದರು. ಯಾರೂ ಯಾರಿಗೂ ಇಂಥದ್ದು ಮಾಡು ಎಂದು ಹೇಳುವುದಿಲ್ಲ, ರೊಟ್ಟಿ ಮಾತ್ರ ಏಳುತ್ತಲೇ ಇರುತ್ತವೆ. ಇಲ್ಲಿ ಯಜಮಾನರು ಯಾರು? ಮಾವನಿಗೆ ತಡೆಯಲಾಗಲಿಲ್ಲ, ತಾವೇ ಆದರು! ಒಬ್ಬರು ನಾದಬೇಕು, ಒಬ್ಬರು ಬಡಿಯಬೇಕು, ಒಬ್ಬರು ಸುಡಬೇಕು ಎಂದು ಕೆಲಸ ಹಂಚಿದರು.

“ಈ ಹಿಟ್ಟು ಯಾರು ನಾದಿದ್ರಿ? ನನ್ನ ಕೈಗೆ ಬರವಲ್ದು!”

“ನಿನ್ನ ಕೈನ ಹಂಗ ಐತಿ ಬಿಡವ್ವಾ!”

ತಮ್ಮ ಹಿಟ್ಟನ್ನು ತಾವೇ ನಾದಿಕೊಳ್ಳುವವರು ಅವರು. ರೊಟ್ಟಿ ಹರಿದವು, ಹೆಂಚು ಹೊಗೆಯಾಡಿತು, ಜಗಳ ಜೋರಾಯಿತು. ಆಗ ಗೋಡೆ ಹಿಡಿದುಕೊಂಡು ಅತ್ತೆ ಹೊರಗೆ ಬಂದರು.

“ಮಾಸ್ತರಿಕಿ ಸಾಲ್ಯಾಗ ಮಾಡ್ರಿ! ಸರೀರಿ ಅತ್ಲಾಗ!”

ಕುಳಿತರು, ನಾದಿದರು, ಬಡಿದರು. ಪಕ್ಕದವಳನ್ನು ಬೈಯುತ್ತಲೇ ಬಿಸಿ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟರು. ಇನ್ನೊಂದು ತುತ್ತು. ಮತ್ತೊಂದು.

“ಮಾವ, ಈಗ ಯಾವ ಭಾಗ ಸರಿಹೋಯ್ತು?” ಎಂದು ನಾನು ರೇಗಿಸಹೋದೆ. ಮಾವ ನನ್ನ ಬಾಯಿಯ ಮೇಲೆ ಕೈಯಿಟ್ಟರು.

“ಸುಮ್ನಿರಲೇ,” ಎಂದರು ಮೆಲ್ಲಗೆ. “ಅಕಿ ಉಣ್ಣಾಕತ್ತಾಳ.”