ಮೇಷ್ಟ್ರು ಪಿಂಗ್ ಏರಿಸಿದ ಪ್ರಸಂಗ

"ಇವತ್ತು ನಿನ್ನ ಗೆಲ್ಲಿಸದೇ ಹೋದ್ರೆ ನಾನು ಲೆಕ್ಕದ ಮೇಷ್ಟ್ರೇ ಅಲ್ಲ!"

ಹೀಗೆಂದು ಗರ್ಜಿಸಿ ಮೇಷ್ಟ್ರು ತಮ್ಮ ಫೋನನ್ನು ಮಗಳ ಕೈಗಿತ್ತಾಗ, ಯುದ್ಧಕ್ಕೆ ಹೊರಟ ಯುವರಾಜನಿಗೆ ಖಡ್ಗ ಒಪ್ಪಿಸುವ ಮಹಾರಾಜನ ಠೀವಿ ಅವರ ಮುಖದಲ್ಲಿತ್ತು. ಖಡ್ಗದ ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಆ ಮಾತು ಬೇರೆ.

ಠೀವಿಗೆ ಕಾರಣವಿತ್ತು. ಕಾಲೇಜಿನ ಪರೀಕ್ಷೆಯಲ್ಲಿ ಮಗಳು ಲೆಕ್ಕಕ್ಕೆ ಮೂವತ್ತೆಂಟು ತೆಗೆದ ದಿನದಿಂದ ಅಪ್ಪ-ಮಗಳ ನಡುವೆ ಮಾತು ನಿಂತುಹೋಗಿತ್ತು. "ಲೆಕ್ಕದ ಮೇಷ್ಟ್ರ ಮಗಳಿಗೆ ಮೂವತ್ತೆಂಟು! ನನ್ನ ಅಂಗಿ ಅಳತೆನೇ ಅದಕ್ಕಿಂತ ಜಾಸ್ತಿ ಇದೆ!" ಎಂದು ಇವರು ಕೂಗಾಡಿದ್ದರು. ಮಗಳು ಕೋಣೆಯ ಬಾಗಿಲು ಮುಚ್ಚಿದಳು. ಅಂದಿನಿಂದ ಎಲ್ಲ ವ್ಯವಹಾರವೂ ಅಮ್ಮನ ಮೂಲಕವೇ. "ಅಮ್ಮಾ, ಅಪ್ಪನಿಗೆ ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳು" ಎನ್ನುವಳು, ಅಪ್ಪ ಎದುರಿಗೇ ಕೂತಿದ್ದರೂ. ಮೇಷ್ಟ್ರಿಗೆ ಒಳಗೊಳಗೇ ಕರುಳು ಚುರುಕ್ ಎನ್ನುತ್ತಿತ್ತು. ಆದರೆ ತಿದ್ದಿದ ಪೇಪರನ್ನು ಮತ್ತೆ ತಿದ್ದಿ ಗೊತ್ತಿದ್ದ ಪ್ರಾಣಿಯಲ್ಲ ಅವರು.

ಆ ಭಾನುವಾರ ರಸ್ತೆ ಅಗೆಯುವವರು ಇಂಟರ್ನೆಟ್ಟಿನ ತಂತಿಗೂ ಒಂದು ಗುದ್ದಲಿ ಪೆಟ್ಟು ಕೊಟ್ಟು ಹೋದರು. ಮಗಳ ಆಟದ ತಂಡ ಅದೇ ಮಧ್ಯಾಹ್ನ ಆನ್‌ಲೈನ್ ಪಂದ್ಯದ ಫೈನಲ್ ಆಡಬೇಕಿತ್ತು. ವಿಧಿಯಿಲ್ಲದೆ ಆಕೆ ಅಪ್ಪನ ಕುರ್ಚಿಯ ಮುಂದೆ ಬಂದು ನಿಂತಳು.

"ಅಪ್ಪಾ, ನಿನ್ನ ಫೋನಿನ ಹಾಟ್‌ಸ್ಪಾಟ್ ಬೇಕಿತ್ತು. ಮನೇಲಿ ಸರಿಯಾಗಿ ಸಿಗ್ನಲ್ ಸಿಗೋದು ನಿನ್ನ ಫೋನಿಗೊಂದೇ."

ಅಪ್ಪಾ! ನೇರವಾಗಿ! ಮಧ್ಯವರ್ತಿಯಿಲ್ಲದೆ! ಮೇಷ್ಟ್ರು ಮೇಲೆ ಹೇಳಿದ ಪ್ರತಿಜ್ಞೆ ಮಾಡಿದ್ದು ಆಗಲೇ.

ಮಗಳು ಫೋನನ್ನು ತನ್ನ ಕೋಣೆಯ ಹೊರಗೆ ಹಜಾರದ ಕಿಟಕಿಯಲ್ಲಿಟ್ಟಳು. ಚಾರ್ಜರ್ ಸಿಕ್ಕಿಸಿದಳು. ತೆರೆದಿದ್ದ ಆ್ಯಪುಗಳನ್ನೆಲ್ಲ ಮುಚ್ಚಿದಳು. ಆಮೇಲೆ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು, "ಆಹಾ! ಪಿಂಗ್ ಮೂವತ್ತೆಂಟು!" ಎಂದು ಕೂಗಿದಳು.

ಮೇಷ್ಟ್ರಿಗೆ ಚೇಳು ಕುಟುಕಿದಂತಾಯಿತು. ಮತ್ತೆ ಮೂವತ್ತೆಂಟು!

"ಪುಟ್ಟೀ, ಈ ಪಿಂಗ್ ಅಂದ್ರೆ ಏನಮ್ಮಾ?"

"ಅದೇ ಎಲ್ಲಾ ಅಪ್ಪಾ. ಸೋಲು ಗೆಲುವೆಲ್ಲ ಅದರ ಮೇಲೇ ನಿಂತಿರೋದು. ಫೋನ್ ಮಾತ್ರ ಮುಟ್ಟಬೇಡ. ಕಾಲ್ ಬಂದ್ರೂ ಎತ್ತಬೇಡ!" ಎಂದವಳೇ ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಏರಿಸಿಕೊಂಡಳು.

ಸೋಲು ಗೆಲುವೆಲ್ಲ ಅದರ ಮೇಲೆ, ಬಂದಿರುವುದು ಮೂವತ್ತೆಂಟು, ಅದಕ್ಕೇ ಈ ಹುಡುಗಿ ಕುಣಿಯುತ್ತಿದ್ದಾಳೆ! ಸುಮ್ಮನೆ ಕೂರುವವನು ತಂದೆಯೇ?

ಫೋನನ್ನು ಬೋಗುಣಿಯಲ್ಲಿಟ್ಟರೆ ಹಾಡು ಜೋರಾಗಿ ಕೇಳುವುದನ್ನು ಮೇಷ್ಟ್ರು ಕಂಡಿದ್ದರು. ಹಾಡು ಜೋರಾದರೆ ನೆಟ್ಟೂ ಜೋರಾಗಲೇಬೇಕು. ಅಡುಗೆಮನೆಯಿಂದ ಅತಿ ದೊಡ್ಡ ಸ್ಟೀಲ್ ಪಾತ್ರೆ ಬಂತು. ಜೊತೆಗೆ ಇಕ್ಕಳವೂ ಬಂತು.

ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆಯೆತ್ತಿದರು. "ಇಕ್ಕಳ ಯಾಕ್ರೀ?"

"ಮುಟ್ಟಬೇಡ ಅಂದಿದ್ದಾಳಲ್ಲ!" ಎನ್ನುತ್ತ ಮೇಷ್ಟ್ರು ಫೋನನ್ನು ಇಕ್ಕಳದಲ್ಲಿ ಹಿಡಿದು ಪಾತ್ರೆಯ ತಳಕ್ಕೆ ಇಳಿಸಿದರು.

"ಪಿಂಗ್ ತೊಂಬತ್ತು!" ಕೋಣೆಯಿಂದ ಕೂಗು ಬಂತು.

"ಡಿಸ್ಟಿಂಕ್ಷನ್!" ಎಂದು ಮೇಷ್ಟ್ರು ತೊಡೆ ತಟ್ಟಿದರು. ಸಿಗ್ನಲ್ ಹೊರಗೆ ಚೆಲ್ಲಿ ಹೋಗಬಾರದೆಂದು ಪಾತ್ರೆಗೆ ಮುಚ್ಚಳವನ್ನೂ ಹಾಕಿದರು.

"ಅಯ್ಯೋ, ಇನ್ನೂರು!"

"ನೋಡ್ದೇನೇ? ನೂರಕ್ಕೆ ಇನ್ನೂರು! ಯಾವ ಪರೀಕ್ಷೇಲಾದ್ರೂ ಕೇಳಿದ್ದೀಯಾ?"

"ರೀ, ಅವಳು 'ಅಯ್ಯೋ' ಅಂತಿದ್ದಾಳೆ."

"ಸಂತೋಷಕ್ಕೆ ಕಣೇ! ನಮ್ಮ ಮದುವೆ ಗೊತ್ತಾದಾಗ ನೀನೂ 'ಅಯ್ಯೋ' ಅಂದಿರಲಿಲ್ವಾ?"

"ಅಂದಿದ್ದೆ. ಸಂತೋಷಕ್ಕಲ್ಲ."

ಇಂಥ ಕ್ಷುಲ್ಲಕ ಮಾತಿಗೆ ಕಿವಿಗೊಡುವ ಹೊತ್ತು ಅದಲ್ಲ. ಮೇಷ್ಟ್ರ ತಲೆಯೊಳಗೆ ಹೊಸ ಸೂತ್ರವೊಂದು ಹುಟ್ಟಿತ್ತು. ಬಾವಿಯ ಹಗ್ಗ ಒಬ್ಬಳೇ ಎಳೆದರೆ ಎಷ್ಟು ನೀರು ಬಂದೀತು? ನಾಲ್ಕು ಜನ ಕೈಹಾಕಬೇಕು! ಟಿವಿಯನ್ನು ಹಾಟ್‌ಸ್ಪಾಟಿಗೆ ಜೋಡಿಸಿ ಕ್ರಿಕೆಟ್ ಹಚ್ಚಿದರು. ಹೆಂಡತಿಯ ಫೋನನ್ನೂ ಜೋಡಿಸಿ, ಯಾರೋ ಗೋಡೆಗೆ ಬಣ್ಣ ಬಳಿಯುವ ವಿಡಿಯೋ ಓಡಲು ಬಿಟ್ಟರು.

"ಐನೂರು! ನಂಗೆ ಏನೂ ಕಾಣ್ತಿಲ್ಲ ಕಣ್ರೇ! ಒಂದ್ನಿಮಿಷ ತಡೀರಿ!" ಕೋಣೆಯ ಕೂಗು ಈಗ ಅಳುವಿನ ಅಂಚಿಗೆ ಬಂದಿತ್ತು.

ಆನಂದಬಾಷ್ಪ, ಎಂದುಕೊಂಡರು ಮೇಷ್ಟ್ರು. ಅವರ ಕಣ್ಣೂ ತೇವವಾಯಿತು. ಮಗಳ ಅಂಕದ ಸುದ್ದಿ ಕೇಳಿ ಅಂದು ಫೋನಿನಲ್ಲೇ ನಕ್ಕಿದ್ದ ಭಾವಮೈದನಿಗೆ ಈ ಕ್ಷಣವೇ ವಿಷಯ ಮುಟ್ಟಿಸದಿದ್ದರೆ ಎದೆ ಒಡೆದೀತು ಅನ್ನಿಸಿತು. ಕಾಲ್ ಎತ್ತಬೇಡ ಎಂದಿದ್ದಳು ನಿಜ. ಮಾಡಬೇಡ ಎಂದಿರಲಿಲ್ಲವಲ್ಲ! ಆವೇಶದಲ್ಲಿ ಇಕ್ಕಳವೂ ಮರೆತುಹೋಯಿತು. ಮುಚ್ಚಳ ತೆಗೆದು, ಬರಿಗೈಯಲ್ಲೇ ಫೋನ್ ಎತ್ತಿ, ನಂಬರ್ ಒತ್ತಿದರು.

"ಏನಯ್ಯಾ, ಅವತ್ತು ನಕ್ಕೆಯಲ್ಲ? ಈಗ ಕೇಳು, ನನ್ನ ಮಗಳದು ಐನೂರು!"

ಆ ಹಳೆಯ ಫೋನಿಗೆ ಒಂದು ಗುಣವಿತ್ತು. ಮಾತಾಡುವಾಗ ಅದು ಮಾತನ್ನಷ್ಟೇ ಆಡುತ್ತಿತ್ತು. ಇಂಟರ್ನೆಟ್ಟಿಗೆ ಅಷ್ಟು ಹೊತ್ತು ರಜೆ. ಟಿವಿಯಲ್ಲಿ ಬ್ಯಾಟು ಎತ್ತಿದವನು ಎತ್ತಿದಂತೆಯೇ ಕಲ್ಲಾದ. ಬಣ್ಣ ಬಳಿಯುವವನ ಕೈ ಗೋಡೆಗೇ ಅಂಟಿಕೊಂಡಿತು. ಕೋಣೆಯಲ್ಲಿ ಸದ್ದಡಗಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮಗಳು ಪಾತ್ರೆ ನೋಡಿದಳು, ಮುಚ್ಚಳ ನೋಡಿದಳು, ಇಕ್ಕಳ ನೋಡಿದಳು. ಕೊನೆಗೆ, ಕಿವಿಗೆ ಫೋನ್ ಒತ್ತಿಕೊಂಡು ನಿಂತಿದ್ದ ಅಪ್ಪನನ್ನು ನೋಡಿದಳು.

"ಗೆದ್ದ್ಯಾ ಪುಟ್ಟೀ?"

"ನಾನು ನಿಂತಲ್ಲೇ ನಿಂತುಬಿಟ್ಟೆ. ಎದುರಾಳಿಗಳು ಆರಾಮವಾಗಿ ಬಂದು ಹೊಡೆದು ಹೋದ್ರು. ಉಳಿದ ನಾಲ್ಕು ಜನರಿಂದ ಆಗಲಿಲ್ಲ. ಸೋತ್ವಿ."

"ಐನೂರು ಬಂದ್ರೂ ಸೋಲಾ? ಯಾವ ಲೆಕ್ಕ ಇದು?"

"ಪಿಂಗ್ ಅಂದ್ರೆ ನಾನು ಗುಂಡಿ ಒತ್ತಿದ್ದು ಆಟದ ಸರ್ವರಿಗೆ ಹೋಗಿ ವಾಪಸ್ ಬರೋಕೆ ಹಿಡಿಯೋ ಹೊತ್ತು ಅಪ್ಪಾ. ಕಮ್ಮಿ ಇದ್ದಷ್ಟೂ ಒಳ್ಳೇದು."

ಕೈಯಲ್ಲಿದ್ದ ಫೋನಿನಿಂದ ಭಾವಮೈದನ ದನಿ "ಭಾವಾ? ಎಷ್ಟಕ್ಕೆ ಐನೂರು ಭಾವಾ?" ಎನ್ನುತ್ತಲೇ ಇತ್ತು. ಮೇಷ್ಟ್ರು ಅದನ್ನು ಮೆಲ್ಲಗೆ ಪಾತ್ರೆಯೊಳಗಿಟ್ಟು ಮುಚ್ಚಳ ಮುಚ್ಚಿದರು. ಮಗಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದರು. ಆಕೆ ಮತ್ತೆ ಅಮ್ಮನ ಕಡೆ ತಿರುಗಿ "ಅಪ್ಪನಿಗೆ ಹೇಳು" ಎಂದಿದ್ದರೂ ತಡೆದುಕೊಳ್ಳುತ್ತಿದ್ದರು. ಆದರೆ ಆಕೆ ನೇರವಾಗಿ ಅವರ ಮುಖವನ್ನೇ ನೋಡಿ, ದನಿ ಎತ್ತದೆ ಹೇಳಿದಳು:

"ಹುಟ್ಟಿದಾಗಿನಿಂದ ಒಂದೇ ಒಂದು ಸಲ, ಮೂವತ್ತೆಂಟು ತಗೊಂಡು ಫಸ್ಟ್ ಬರ್ತಿದ್ದೆ ಅಪ್ಪಾ. ಅದನ್ನೂ ತಿದ್ದಿಬಿಟ್ಟೆಯಲ್ಲ!"