ಮಲ್ಲಿಗೆಗೆ ತಂದ ಸೂಜಿ

ನಾನು ಕೈಹಾಕಿದ ಕೆಲಸ ಯಾವುದೂ ಕೆಡುವುದಿಲ್ಲ. ಅದರ ಫಲ ಮಾತ್ರ ಬೇರೆಯವರಿಗೆ ಸಿಗುತ್ತದೆ. ಈ ಹಣೆಬರಹ ನನ್ನೊಬ್ಬನದೇ ಎಂದುಕೊಂಡಿದ್ದೆ. ನಮ್ಮ ಬೆಕ್ಕಿಗೂ ಅದು ಅಂಟಿದೆಯೆಂದು ಆ ಬೇಸಿಗೆಯಲ್ಲಿ ಗೊತ್ತಾಯಿತು.

ಬೆಕ್ಕಿನ ಹೆಸರು ಮಲ್ಲಿಗೆ. ಮರಿಯಾಗಿದ್ದಾಗ ಅಚ್ಚ ಬಿಳುಪು. ಅದಕ್ಕೇ ನನ್ನ ಹೆಂಡತಿ ಗಿರಿಜಾ ಆ ಹೆಸರಿಟ್ಟಳು. ಆದರೆ ನಮ್ಮ ಮನೆ ಇರುವುದು ಹೊಸಪೇಟೆಯಲ್ಲಿ, ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ. ಅದಿರು ಲಾರಿಗಳ ಓಡಾಟ ಹೆಚ್ಚಿದ ಮೇಲೆ ಒಣಗಹಾಕಿದ ಪಂಚೆ, ತುಳಸಿ ಗಿಡ, ಮೊಸರಿನ ಕೆನೆ ಎಲ್ಲಕ್ಕೂ ಒಂದೇ ಕೆಂಬಣ್ಣ. ಮಲ್ಲಿಗೆ ದಾಸವಾಳವಾಗಿ ಎಷ್ಟೋ ಕಾಲವಾಗಿತ್ತು.

ಆ ಬೇಸಿಗೆ ಓಣಿಯ ಬೆಕ್ಕುಗಳಿಗೆ ವಾಂತಿಭೇದಿಯ ರೋಗ ಬಂತು. ಮಲ್ಲಿಗೆಯ ಮರಿಗಳು ಒಂದೊಂದಾಗಿ ಹೋದವು. ಕೊನೆಯದನ್ನು ಹಿತ್ತಲಲ್ಲಿ ಮುಚ್ಚಿ ಬಂದ ಗಿರಿಜಾ, "ಮಲ್ಲಿಗಿ ಒಬ್ಬಾಕಿಯರ ಉಳೀಲಿ, ಏನರ ಮಾಡ್ರಿ" ಅಂದಳು. ಮರುದಿನವೇ ಲಸಿಕೆ ಹುಡುಕಲು ಹೊರಟೆ. ಎಮ್ಮೆಗೆ ಲಸಿಕೆಯುಂಟು, ನಾಯಿಗೂ ಉಂಟು. ಬೆಕ್ಕಿಗೆಂದು ಕೇಳಿದರೆ ಔಷಧಿ ಅಂಗಡಿಯವರು ನಗುತ್ತಿದ್ದರು. ಕೊನೆಗೆ ಪಶುವೈದ್ಯರು ನನ್ನ ಕಾಟ ತಾಳಲಾರದೆ ಬೆಂಗಳೂರಿನಿಂದ ಐಸ್ ಡಬ್ಬಿಯಲ್ಲಿ ಒಂದೇ ಒಂದು ಸೀಸೆ ತರಿಸಿದರು.

ನೀರಿನ ತೊಟ್ಟಿಯ ಹಿಂದೆ ಕೆಂಪಗೆ ಮುದುಡಿ ಮಲಗಿದ್ದವಳ ಮೇಲೆ ಗೋಣಿಚೀಲ ಬೀಸಿ ಹಿಡಿದೆ. ಕೈಯೆಲ್ಲ ಪರಚಿಸಿಕೊಂಡು, ಲಾರಿಗಳ ಸಾಲಿನ ನಡುವೆ ಆಟೋದಲ್ಲಿ ಧೂಳು ಕುಡಿಯುತ್ತ ಆಸ್ಪತ್ರೆ ಮುಟ್ಟಿದೆ. ವೈದ್ಯರು ಚೀಲದಿಂದ ಹಿಂಭಾಗವನ್ನಷ್ಟೇ ಹೊರಗೆಳೆದು ಸೂಜಿ ಚುಚ್ಚಿದರು. ಆಮೇಲೆ ಆ ಜಾಗವನ್ನು ಒದ್ದೆ ಹತ್ತಿಯಿಂದ ಉಜ್ಜಿದರು. ಮತ್ತೆ ಉಜ್ಜಿದರು.

"ಸರ, ನಿಮ್ಮ ಬೆಕ್ಕು ಬಿಳೇದು ಅಂದಿದ್ರಲ್ರಿ?"

"ಹೌದ್ರಿ. ಅದಕ್ಕ ಮಲ್ಲಿಗಿ ಅಂತ ಹೆಸರಿಟ್ಟೀವಿ."

"ಧೂಳಿನ ಕೆಳಗ ಕರೇದೈತಲ್ರಿ. ಸಾಲದ್ದಕ್ಕ ಇದು ಗಂಡು."

ಚೀಲದಿಂದ ಮುಖ ಹೊರಹಾಕಿದವನು ನಮ್ಮ ಹಾಲು ಕದಿಯುವ ಓಣಿಯ ಗಡವ ಬೆಕ್ಕು. ಕಂಡಾಗಲೆಲ್ಲ ಕೋಲು ಹಿಡಿದು ಅಟ್ಟುತ್ತಿದ್ದೆ; ಈಗ ನಾನೇ ಆಟೋದಲ್ಲಿ ಕೂಡಿಸಿಕೊಂಡು ಬಂದು ಅವನ ಆಯುಸ್ಸು ಗಟ್ಟಿ ಮಾಡಿಸಿದ್ದೆ. ಇನ್ನೊಂದು ಸೀಸೆ ಕೇಳಿದೆ. "ಮುಂದಿನ ತಿಂಗಳ ನೋಡೋಣ್ರಿ" ಅಂದರು ವೈದ್ಯರು. ಅಲ್ಲಿಯತನಕ ಮಲ್ಲಿಗೆ ಉಳಿಯಬೇಕಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವನಿಗೆ ಏಳುವ ಮನಸ್ಸೇ ಬರಲಿಲ್ಲ.

ಓಣಿಗೆ ಬಂದು ಚೀಲ ಬಿಚ್ಚಿದೊಡನೆ ಗಡವ ನಮ್ಮ ಅಡುಗೆಮನೆಯ ಕಡೆಗೇ ಓಡಿದ. ನಾನು ಮುಂಬಾಗಿಲು ತಟ್ಟಿದೆ. ಕಿಟಕಿಯಲ್ಲಿ ಮಲ್ಲಿಗೆ ಮೈ ನೆಕ್ಕುತ್ತ ಕೂತಿದ್ದಳು; ನೆಕ್ಕಿದಷ್ಟು ಜಾಗ ಬೆಳ್ಳಗಿತ್ತು. ಅವಳ ಹಿಂದೆ ಗಿರಿಜಾ ಬಂದು ನಿಂತಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಮಲ್ಲಿಗೆಯನ್ನು ಎತ್ತಿ ಎದೆಗವಚಿಕೊಂಡು, ನನ್ನ ಕೆಂಪು ಮುಖವನ್ನೇ ನೋಡಿ, ಅಂಗಳದ ನಲ್ಲಿ ತೋರಿಸಿದಳು.

"ಮೊದಲ ಮುಖ ತೊಳಕೋರಿ. ನಮ್ಮನಿಯವರು ಹೌದೋ ಅಲ್ಲೋ ನೋಡಿ ಬಾಗಿಲ ತಗೀತೀನಿ."

ತೊಳೆದುಕೊಂಡೆ. ಆಮೇಲೂ ಸ್ವಲ್ಪ ಹೊತ್ತು ಯೋಚಿಸಿಯೇ ಬಾಗಿಲು ತೆಗೆದಳು.