ಒಂಬತ್ತನೇ ಕಾಲಂ ತುಂಬಿದ ದೇವರು

ತಪ್ಪು ಗುಮಾಸ್ತರದ್ದಲ್ಲ ರೀ, ಫಾರಂದು. ಹಳೇ ಕಟ್ಟಡಗಳ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸವೆದ ಮನುಷ್ಯ, ಬೆಟ್ಟದ ಬುಡದ ದೇವಸ್ಥಾನಕ್ಕೆ ಸಂಬಂಧಪಟ್ಟ ಎಂಟು ಕಾಲಂ ಒಂದೇ ಬೆಳಿಗ್ಗೆ ತುಂಬಿದ್ದರು. ವಯಸ್ಸು ಒಂಬೈನೂರು. ಕಟ್ಟಿಸಿದವನು ರಾಜ, ಈಗಿನ ವಿಳಾಸ ಗೊತ್ತಿಲ್ಲ. ಕಂಬ ನಲವತ್ತೆರಡು, ನೆಟ್ಟಗಿರೋದು ನಲವತ್ತು. ಒಂಬತ್ತರಲ್ಲಿ ಪೆನ್ನು ನಿಂತಿತು: "ಆಧ್ಯಾತ್ಮಿಕ ಮಹತ್ವ ಇದೆಯೇ? ಇದ್ದಲ್ಲಿ, ಇಷ್ಟಾರ್ಥ ಸಿದ್ಧಿಸಿದ ಒಬ್ಬ ವ್ಯಕ್ತಿಯ ದೃಢೀಕರಣ ಪತ್ರ ಲಗತ್ತಿಸತಕ್ಕದ್ದು."

ಲಗತ್ತಿಸದಿದ್ದರೆ ಅದು 'ಬಳಕೆಯಲ್ಲಿಲ್ಲದ ಕಟ್ಟಡ'. ಸೋಮವಾರದಿಂದ ಇಲಾಖೆಯ ಗೋದಾಮು. ಮುರಿದ ಕುರ್ಚಿಗಳು ಆಗಲೇ ಲಾರಿ ಹತ್ತಿ ಕೂತಿದ್ದವು. ಒಳಗಿರುವ ದೇವರನ್ನು ಎಲ್ಲಿಡಬೇಕು ಅಂತಲೂ ಸುತ್ತೋಲೆಯಲ್ಲಿತ್ತು: "ಸೂಕ್ತ ಕಪಾಟಿನಲ್ಲಿ."

ಗುಮಾಸ್ತರು ಅರ್ಚಕರ ಹತ್ತಿರ ಓಡಿದರು. ನಲವತ್ತು ವರ್ಷದಿಂದ ಅಲ್ಲಿ ದೀಪ ಹಚ್ಚುತ್ತಿದ್ದ ಅರ್ಚಕರು, ಇಷ್ಟಾರ್ಥ ಸಿದ್ಧಿಸಿದವರು ಬೇಕಾದಷ್ಟು ಜನ ಇದ್ದಾರೆ, ಸಿದ್ಧಿಸಿದ ಮೇಲೆ ಒಬ್ಬರೂ ಈ ಕಡೆ ತಲೆ ಹಾಕಿ ಮಲಗಿಲ್ಲ ಅಂದರು. ನಿಮಗಾದರೂ ಏನಾದರೂ ಸಿದ್ಧಿಸಿರಬೇಕಲ್ಲ ಅಂತ ಗುಮಾಸ್ತರು ಗೋಗರೆದರು.

"ನಾನೇನೂ ಕೇಳಿಲ್ಲ ಸ್ವಾಮಿ. ದಿನಾ ಮುಖ ನೋಡೋರ ಹತ್ರ ಕೇಳೋಕೆ ಸಂಕೋಚ ಆಗುತ್ತೆ."

ಬೇರೆ ದಾರಿ ಕಾಣದೆ ಗುಮಾಸ್ತರೇ ಗರ್ಭಗುಡಿಯ ಮುಂದೆ ಕೈಮುಗಿದರು. ಒಂಬತ್ತನೇ ಕಾಲಂ ಹೇಗಾದರೂ ಪಾಸಾಗಲಪ್ಪ ಅಂದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಬರೆದರು: "ಒಂಬತ್ತನೇ ಕಾಲಂ ಅಂಗೀಕಾರವಾಗಲೆಂದು ಪ್ರಾರ್ಥಿಸಿದ್ದೆ. ಅಂಗೀಕಾರವಾಗಿರುತ್ತದೆ."

ಆಫೀಸಿನಲ್ಲಿ ಇಲಾಖೆಯ ಸಾಹೇಬರು ಅದನ್ನು ಎರಡು ಸಲ ಓದಿದರು.

"ಇನ್ನೂ ಆಗಿಲ್ವಲ್ರೀ?"

"ತಾವು ಸಹಿ ಹಾಕಿದ್ರೆ ಆಗುತ್ತೆ ಸಾರ್."

"ಹಾಕದಿದ್ರೆ?"

"ನಾನು ಸುಳ್ಳು ದೃಢೀಕರಣ ಕೊಟ್ಟ ಹಾಗಾಗುತ್ತೆ. ವಿಚಾರಣೆ ನಡೀಬೇಕು. ವಿಚಾರಣಾಧಿಕಾರಿ ತಾವೇ."

ವಿಚಾರಣೆ ಅಂದರೆ ಹದಿನೇಳು ಫಾರಂ. ಸಾಹೇಬರು ಸಹಿ ಹಾಕಿದರು. ಹಾಕಿದ ಕ್ಷಣವೇ ಇಷ್ಟಾರ್ಥ ಸಿದ್ಧಿಸಿತು. ಸಿದ್ಧಿಸಿದ್ದರಿಂದ ಪತ್ರ ನಿಜವಾಯಿತು. ಪತ್ರ ನಿಜವಾದ್ದರಿಂದ ಸಹಿ ಕ್ರಮಬದ್ಧವಾಯಿತು. ಇದರಲ್ಲಿ ವಿಶೇಷ ಇದೆ ಅಂತ ಇಲಾಖೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಕುರ್ಚಿಗಳು ಲಾರಿಯಿಂದ ಇಳಿದವು.

ಸೋಮವಾರ ದೇವಸ್ಥಾನದ ಮುಂದೆ ನೀಲಿ ಬೋರ್ಡು ಬಂತು: "ಪುರಾತನ ಕ್ಷೇತ್ರ. ಕಡತ ವಿಲೇವಾರಿಗೆ ಪ್ರಸಿದ್ಧ." ಬುಧವಾರದ ಹೊತ್ತಿಗೆ ಸಾಲು ರಸ್ತೆಗೆ ಮುಟ್ಟಿತ್ತು. ವರ್ಗಾವಣೆ ಬೇಕಾದ ಮೇಷ್ಟ್ರುಗಳು, ನಕ್ಷೆ ಪಾಸಾಗದ ಇಂಜಿನಿಯರುಗಳು, ಅವರ ಹಿಂದೆ ಖುದ್ದು ಸಾಹೇಬರು. ದೀಪ ಹಚ್ಚೋಕೆ ಬಂದ ಅರ್ಚಕರಿಗೂ ಯಾರೋ, ಸಾಲಲ್ಲಿ ಬನ್ನಿ ಅಂದರಂತೆ. ಅವರು ಹೋಗಿ ಕೊನೆಯಲ್ಲಿ ನಿಂತರು.

ಅಂದು ಸಂಜೆ ಗುಮಾಸ್ತರು ಎಲ್ಲವನ್ನೂ ಹೆಂಡತಿಗೆ ಹೇಳಿದರು. ಆಕೆ ಸಾವಧಾನವಾಗಿ ಕೇಳಿಸಿಕೊಂಡಳು.

"ಇಷ್ಟು ವರ್ಷಕ್ಕೆ ಒಂದ್ಸಲ ದೇವರ ಮುಂದೆ ಬಾಯಿ ಬಿಟ್ರಿ, ಅದೂ ಆಫೀಸಿನ ಕೆಲಸಕ್ಕೆ. ಬಚ್ಚಲ ಗೋಡೆ ಯಾವತ್ತು ಸರಿ ಮಾಡಿಸ್ತೀರಿ ಅಂತ ನಿಮ್ಮನ್ನ ಕೇಳಿ ಕೇಳಿ ಸಾಕಾಯ್ತು, ಇನ್ನು ಆ ದೇವರನ್ನೇ ಕೇಳ್ತೀನಿ. ನಾಳೆ ಬರುವಾಗ ಫಾರಂ ಎರಡು ತನ್ನಿ. ಒಂದು ಹಾಳಾದ್ರೆ ಇನ್ನೊಂದಿರಲಿ."